ಚನ್ನಮಲ್ಲಪ್ಪ ಹಿಡಿದ ವ್ರತ

ನೀಲಿ ನೀರಿಗೆ ಎಂಟು ಹನಿ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕಾಯಿಸಿದ್ದೇ ತಡ, ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಫ್ರೇಜರ್‌ಪೇಟೆಯ ಡಾಕ್ಟರು ಗಾಜಿನ ನಳಿಗೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, "ನೋಡ್ರೀ ಚನ್ನಮಲ್ಲಪ್ಪ, ಇದು ನಿಮ್ಮ ಮೂತ್ರ. ಪಾಯಸಕ್ಕೆ ಬೇರೆ ಸಕ್ಕರೆ ಬೇಡ" ಎಂದರು.

ಚನ್ನಮಲ್ಲಪ್ಪ ಬಂದದ್ದು ಮೂತ್ರದ ವಿಚಾರಕ್ಕಲ್ಲ. ಎಡಗಾಲ ಹೆಬ್ಬೆರಳಿಗೆ ಚಪ್ಪಲಿಯ ಪಟ್ಟಿ ಉಜ್ಜಿ ಆದ ಗಾಯ ಎರಡು ತಿಂಗಳಾದರೂ ಒಣಗಿರಲಿಲ್ಲ. ಮುಲಾಮು ಕೊಟ್ಟರೆ ಹಚ್ಚಿಕೊಂಡು ಹೋಗೋಣ ಎಂದು ಬಂದಿದ್ದ. ಡಾಕ್ಟರು ಮುಲಾಮನ್ನೂ ಕೊಟ್ಟರು, ಸಕ್ಕರೆ ಕಾಯಿಲೆಯನ್ನೂ ಕೊಟ್ಟರು. "ಬಾಯಿ ಕಟ್ಟಿದರೆ ಗಾಯ ಒಣಗುತ್ತೆ. ಕಟ್ಟದಿದ್ದರೆ ಬೆರಳು ಹೋಗುತ್ತೆ, ಆಮೇಲೆ ಪಾದ. ಒಂದು ತಿಂಗಳು ಬಿಟ್ಟು ಬನ್ನಿ."

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿ, ಮಂತ್ರಿಗಳು ಮಡಿಕೇರಿಯಲ್ಲೇ ಕೂರುತ್ತಿದ್ದ ಕಾಲ ಅದು. ಶಿರಂಗಾಲದ ಪೋಸ್ಟ್‌ಮ್ಯಾನ್ ಚನ್ನಮಲ್ಲಪ್ಪ ಹದಿನೆಂಟು ವರ್ಷಗಳಿಂದ ದಿನಕ್ಕೆ ಏಳು ಮೈಲಿ ನಡೆದವನು. ನಡೆಯುವುದು ಬಿಟ್ಟು ಅವನಿಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಕಾಲು ಕೆಟ್ಟ ಪೋಸ್ಟ್‌ಮ್ಯಾನ್‌ಗಳನ್ನು ಕಚೇರಿಯ ಮೂಲೆಯ ಸ್ಟೂಲಿನ ಮೇಲೆ ಕೂರಿಸಿ ದಿನವಿಡೀ ಮೊಹರು ಕುಟ್ಟಿಸುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಕಚೇರಿಗೆ ಹೋದಾಗ ಆ ಸ್ಟೂಲಿನ ಕಡೆ ಅವನು ತಿರುಗಿಯೂ ನೋಡುತ್ತಿರಲಿಲ್ಲ.

ಡಾಕ್ಟರು ಒಂದು ಕಾಗದದಲ್ಲಿ ದಿನಚರಿ ಬರೆದುಕೊಟ್ಟಿದ್ದರು. ಐದೂವರೆಗೆ ಏಳುವುದು, ಬಿಸಿನೀರಿನಲ್ಲಿ ಕಾಲು ತೊಳೆದು ಒರೆಸುವುದು, ಎಂಟಕ್ಕೆ ರಾಗಿರೊಟ್ಟಿ ಸೊಪ್ಪು, ಒಂದು ಗಂಟೆಗೆ ಸರಿಯಾಗಿ ಊಟ, ಏಳೂವರೆಗೆ ಮತ್ತೆ ಊಟ, ಒಂಬತ್ತಕ್ಕೆ ನಿದ್ದೆ. ನಡುವೆ ಏನೂ ಇಲ್ಲ. 'ಏನೂ' ಎಂಬುದರ ಕೆಳಗೆ ಎರಡು ಗೆರೆ. ಹೆಂಡತಿ ಶಿವಮ್ಮ ಅದನ್ನು ಅನ್ನದ ಅಂಟಿನಿಂದ ಅಡಿಗೆಮನೆಯ ಗೋಡೆಗೆ ಮೆತ್ತಿದಳು. ಇದನ್ನು ಬರೆಯುತ್ತಿರುವವನ ಮನೆಯ ಗೋಡೆಯಲ್ಲೂ ಅಂಥದೊಂದು ಪಟ್ಟಿಯಿದೆ. ಅದರ ಮೇಲೀಗ ಪಂಚಾಂಗ ನೇತಾಡುತ್ತಿದೆ.

ಚನ್ನಮಲ್ಲಪ್ಪನ ಕಷ್ಟ ಇದ್ದದ್ದು 'ನಡುವೆ' ಎಂಬಲ್ಲಿ. ಅವನ ಹಾದಿಯಲ್ಲಿ ತಪ್ಪದೆ ಹತ್ತುತ್ತಿದ್ದ ಜಗಲಿಗಳು ಹದಿನಾಲ್ಕು. ಕಾಗದ ಕೊಟ್ಟರೆ ಓದಿ ಹೇಳಬೇಕು, ಓದಿದರೆ ಉತ್ತರ ಬರೆದುಕೊಡಬೇಕು, ಬರೆದರೆ ಬೆಲ್ಲದ ಕಾಫಿ ಕುಡಿಯಬೇಕು. ಕಾಗದ ಇಲ್ಲದಿದ್ದರೆ, ಇಲ್ಲ ಎಂದು ಹೇಳಿದ್ದಕ್ಕೂ ಕಾಫಿ. ಹದಿನಾಲ್ಕು ಮನೆ, ಹದಿನಾಲ್ಕು ಲೋಟ. ಒಂದು ಗಂಟೆಯ ಊಟಕ್ಕೆ ಅವನು ಮನೆ ಸೇರುತ್ತಿದ್ದದ್ದು ನಾಲ್ಕಕ್ಕೆ.

ನಿಜ ಹೇಳಿ ಬೇಡ ಎನ್ನಬಹುದಿತ್ತು. ಆದರೆ ಆಗ ಅದು ಸಾಹುಕಾರರ ಕಾಯಿಲೆ. ಖಾಕಿ ಕೋಟಿನ ಮೊಣಕೈಗೆ ತೇಪೆ ಹಾಕಿಕೊಂಡವನು ತನಗೆ ಅದು ಬಂದಿದೆ ಎಂದರೆ ಊರು ನಗುವುದಿಲ್ಲವೇ? ಯೋಚಿಸಿ ಯೋಚಿಸಿ ಅವನು ಒಂದು ಉಪಾಯ ಹುಡುಕಿದ. ಮೊದಲ ಜಗಲಿ ರಾಮಮ್ಮನದು. ಅವಳು ಲೋಟ ತಂದಾಗ ಕೈಮುಗಿದು, "ವ್ರತ ಹಿಡಿದಿದ್ದೀನಿ ತಾಯಿ, ಬೆಲ್ಲ ಮುಟ್ಟೋ ಹಂಗಿಲ್ಲ" ಎಂದುಬಿಟ್ಟ.

ಆ ದಿನ ಪವಾಡವೇ ನಡೆಯಿತು. ಹದಿನಾಲ್ಕು ಮನೆಯವರೂ ತಲೆಬಾಗಿ ಲೋಟ ಒಳಗೆ ಒಯ್ದರು. ಹನ್ನೆರಡೂವರೆಗೇ ಗಂಡ ಅಂಗಳದಲ್ಲಿ ನಿಂತದ್ದನ್ನು ಕಂಡು ಶಿವಮ್ಮ ಗಾಬರಿಯಾದಳು. "ಏನ್ರೀ, ಆಫೀಸ್ ಮುಚ್ಚಿಬಿಟ್ರಾ?"

"ಊಟ ಬಡಿಸೇ. ಒಂದು ಗಂಟೆಗೆ ಊಟ ಅಂತ ಬರ್ದಿಲ್ವಾ?"

"ಅನ್ನಕ್ಕೆ ಇನ್ನೂ ಎಸರೇ ಇಟ್ಟಿಲ್ಲ!"

ಎರಡು ದಿನ ಹೀಗೇ ಹೋಯಿತು. ಮೂರನೆಯ ದಿನ ರಾಮಮ್ಮನ ಜಗಲಿಯಲ್ಲಿ ಮಣೆ ಹಾಕಿತ್ತು. ಮಣೆಯ ಮುಂದೆ ನಾಲ್ಕು ಬಾಳೆಹಣ್ಣು, ಒಂದು ಬಟ್ಟಲು ಜೇನು, ಹಾಲು.

"ಇದೇನಮ್ಮ?"

"ಫಲಾಹಾರ ಕಣಪ್ಪ. ವ್ರತದೋರ್ನ ಬರೀ ಹೊಟ್ಟೇಲಿ ಕಳ್ಸಿದ್ರೆ ಪಾಪ ಯಾರಿಗೆ ಸುತ್ಕೊಳ್ಳೋದು? ನಂಗೇ ಅಲ್ವಾ? ಜೇನಲ್ಲಿ ಬೆಲ್ಲ ಇಲ್ಲ, ಧೈರ್ಯವಾಗಿ ತಿನ್ನು."

ಸುದ್ದಿ ಅವನಿಗಿಂತ ಮುಂದೆ ನಡೆದಿತ್ತು. ಮುಂದಿನ ಮನೆಯಲ್ಲಿ ಖರ್ಜೂರ. ಅದರ ಮುಂದಿನದರಲ್ಲಿ ಸಕ್ಕರೆ ಹಾಕಿ ಕಾಯಿಸಿದ ಹಾಲು. ಕೆಂಪಣ್ಣ, "ಎಷ್ಟು ವಾರದ್ದು ವ್ರತ?" ಎಂದು ಕೇಳಿದ. ಚನ್ನಮಲ್ಲಪ್ಪನ ಬಾಯಿಂದ "ಹದಿನಾರು" ಎಂದು ಹೊರಬಿತ್ತು. "ಹಂಗಾದ್ರೆ ಮುಗಿಯೋ ದಿನದ ಹೋಳಿಗೆ ನಮ್ಮನೇಲೇ. ಯಾರಾದ್ರೂ ಕರೆದ್ರೆ ಒಪ್ಕೊಂಡು ಗಿಪ್ಕೊಂಡೀಯ ಮತ್ತೆ." ನಿಂಗಮ್ಮ ತನ್ನ ಮಗಳಿಗೆ ಮಕ್ಕಳಾಗಲಿ ಎಂಬುದನ್ನೂ ಆ ವ್ರತದಲ್ಲೇ ಸೇರಿಸಿಕೊಳ್ಳಬೇಕೆಂದು ಕಾಲಿಗೆ ಬಿದ್ದಳು. ಅವಳು ದೀಪ ಹಚ್ಚಿ ತರುವವರೆಗೆ ಅವನು ಚೀಲ ಹೊತ್ತು ನಿಂತೇ ಇದ್ದ.

ಹಾದಿಯ ಕೊನೆಯ ಮನೆ ನಾಣಯ್ಯನವರದು. ಪಟಾಲಮಿನಲ್ಲಿದ್ದು ಬಂದ ಅವರು ಮಣಿಗಂಟಿನ ಗಡಿಯಾರ ನೋಡಿದರು. "ಎಂಥ ಚನ್ನಮಲ್ಲಪ್ಪ, ಮೊನ್ನೆ ಹನ್ನೆರಡಕ್ಕೆ ಬಂದವ ಇಂದು ಮೂರೂವರೆಗೆ? ಟೈಮ್ ಅಂದರೆ ಟೈಮ್. ಕೂತ್ಕೋ, ನಾನು ಹೇಳ್ತೇನೆ." ಸಮಯ ಹೇಗೆ ಉಳಿಸಬೇಕು ಎಂಬುದನ್ನು ಅವರು ಮುಕ್ಕಾಲು ಗಂಟೆ ವಿವರಿಸಿದರು. ವಿವರಣೆಯ ನಡುವೆ ದ್ರಾಕ್ಷಿ ಬಂತು.

ಹೀಗೆ ಎರಡು ವಾರ ಕಳೆಯಿತು. ಬೆರಳಿನ ಗಾಯದ ಅಂಚು ಕಪ್ಪಗಾಗತೊಡಗಿತು. ಕೋಟಿನ ತೋಳಿಗೆ ಇರುವೆ ಮುತ್ತಿದ್ದನ್ನು ಕಂಡ ಶಿವಮ್ಮ ಮೂಸಿ ನೋಡಿದಳು. ಜೇನು. ಮರುದಿನ ಬೆಳಿಗ್ಗೆ ಸೆರಗು ಬಿಗಿದು, ಬೀಗ ಹಾಕಿ, ಅವನ ಮುಂದೆಯೇ ಹೊರಟಳು.

"ನೀನೆಲ್ಲಿಗೆ?"

"ನಿಮ್ಗೆ ಬಾಯಿಲ್ಲ. ನಂಗಿದೆ. ಒಂದೊಂದು ಮನೇಲೂ ನಾನೇ ಹೇಳ್ತೀನಿ."

ಚನ್ನಮಲ್ಲಪ್ಪನಿಗೆ ಮೊದಲ ಬಾರಿಗೆ ತಾನು ಬದುಕಿಕೊಂಡೆ ಎನ್ನಿಸಿತು. ಶಿವಮ್ಮ ಹೇಳಬೇಕಾದುದನ್ನು ಹೇಳಿದಳು ಕೂಡ. ರಾಮಮ್ಮನ ಜಗಲಿ ಹತ್ತುತ್ತಲೇ, "ವ್ರತಾನೂ ಇಲ್ಲ ಮಣ್ಣೂ ಇಲ್ಲ ಕಣಕ್ಕ. ಇವ್ರಿಗೆ ಸಕ್ಕರೆ ಕಾಯಿಲೆ. ಬೆರಳು ಹೋಗುತ್ತಂತೆ. ನಿಮ್ಮ ದಮ್ಮಯ್ಯ, ಏನೂ ಕೊಡ್ಬೇಡಿ" ಎಂದಳು.

ರಾಮಮ್ಮ ಬಾಯಿಗೆ ಕೈ ಹಚ್ಚಿದಳು. "ಅಯ್ಯೋ ಶಿವನೇ! ಟಪಾಲು ಹಂಚೋನಿಗೆ ಸಾಹುಕಾರ್ರ ಕಾಯಿಲೆ ಯಾಕೆ ಬಂತು? ಹೋಗ್ಲಿ ಬಿಡವ್ವ, ಅವ್ನಿಗೆ ಏನೂ ಕೊಡಲ್ಲ. ಆದ್ರೆ ನೀನು? ಹದಿನೆಂಟು ವರ್ಷಕ್ಕೆ ಮೊದಲನೇ ಸಲ ನಮ್ಮ ಹೊಸಲು ತುಳ್ದಿದೀಯ. ಬರಿಗೈಲಿ ಕಳ್ಸಿದ್ರೆ ನಾವೇನು ಮನುಷ್ಯರಾ?"

ಅರಿಸಿನ ಕುಂಕುಮ, ಬಾಳೆಹಣ್ಣು, ತೆಂಗಿನಕಾಯಿ, ಒಂದು ಲೋಟ ಕಾಫಿ. ಹೆಂಡತಿ ಕುಡಿಯುವಾಗ ಗಂಡ ಸುಮ್ಮನೆ ಕೂತಿದ್ದರೆ ದೃಷ್ಟಿಯಾಗುತ್ತದೆಂದು ಅವನಿಗೆ ಅರ್ಧ ಲೋಟ. ಎರಡನೆಯ ಮನೆಯಲ್ಲೂ ಅದೇ. ಮೂರನೆಯದು ಹುಚ್ಚಮ್ಮನದು. ಅವಳು ಕಾಯಿಲೆಯ ಹೆಸರು ಕೇಳುತ್ತಲೇ ಹಿತ್ತಿಲಿಗೆ ಓಡಿ ಹಾಗಲಕಾಯಿ ಕಿತ್ತು, ಅರೆದು, ರಸ ಹಿಂಡಿ ತಂದಳು. ಚನ್ನಮಲ್ಲಪ್ಪ ಮೂಗು ಮುಚ್ಚಿ ಕುಡಿದ. ಅವನ ಮುಖ ಕಿವುಚಿದ್ದನ್ನು ನೋಡಲಾರದೆ ಅವಳು ಅಚ್ಚುಬೆಲ್ಲದ ಒಂದು ದೊಡ್ಡ ಚೂರನ್ನು ಅವನ ಬಾಯಿಗೆ ತುರುಕಿದಳು. "ಕಹಿ ಹೋಗ್ಲಿ ಪಾಪ. ನಾಳೆಯಿಂದ ದಿನಾ ಬಾ, ರಸ ಮಾಡಿಟ್ಟಿರ್ತೀನಿ."

ಶಿವಮ್ಮ ತಡೆಯಲು ಕೈ ಎತ್ತಿದ್ದಳು. ಆ ಕೈಯಲ್ಲಿ ತಾಂಬೂಲದ ತಟ್ಟೆಯಿತ್ತು.

ಮಧ್ಯಾಹ್ನ ಮೂರಕ್ಕೆ ಒಂಬತ್ತನೆಯ ಮನೆಯಲ್ಲಿದ್ದರು. ಶಿವಮ್ಮನ ಮಡಿಲಲ್ಲಿ ತೆಂಗಿನಕಾಯಿಗಳ ಭಾರ, ಕಣ್ಣಲ್ಲಿ ನಿದ್ದೆ. ಮನೆಯ ಮುದುಕಿ ನಡುಗುವ ಕೈಯಲ್ಲಿ ಲೋಟ ತಂದಾಗ ಚನ್ನಮಲ್ಲಪ್ಪ ಹೆಂಡತಿಯ ಮುಖ ನೋಡಿದ. ಈಗ ಹೇಳುತ್ತಾಳೆ ಎಂದು ಕಾದ.

"ಒಂದು ಗುಟುಕು ಕುಡೀರಿ" ಎಂದಳು ಶಿವಮ್ಮ ಮೆಲ್ಲಗೆ. "ಪಾಪ, ಮುದುಕಿ ಊದಿ ಊದಿ ಒಲೆ ಹಚ್ಚಿದ್ದಾಳೆ."

ತಿಂಗಳು ತುಂಬಿತು. ಗಂಡಹೆಂಡಿರಿಬ್ಬರೂ ಫ್ರೇಜರ್‌ಪೇಟೆಗೆ ಹೋದರು. ನೀಲಿ ನೀರು ಮತ್ತೆ ಇಟ್ಟಿಗೆಯಾಯಿತು, ಹಿಂದಿಗಿಂತ ಕೆಂಪಗೆ. ಡಾಕ್ಟರು ಬೆರಳನ್ನು ಚಿಮಟದಿಂದ ಮುಟ್ಟಿ, "ಇಲ್ಲಿ ನೋವಾಗುತ್ತಾ?" ಎಂದು ಕೇಳಿದರು. ನೋವಾಗಲಿಲ್ಲ. ಅದನ್ನು ಒಳ್ಳೆಯ ಸುದ್ದಿ ಎಂದುಕೊಂಡು ಚನ್ನಮಲ್ಲಪ್ಪ ನಕ್ಕ. ಡಾಕ್ಟರು ನಗಲಿಲ್ಲ.

"ತೆಗೆಸಲೇಬೇಕು. ತಡ ಮಾಡಿದರೆ ಪಾದಕ್ಕೆ ಹತ್ತುತ್ತೆ. ದೊಡ್ಡಾಸ್ಪತ್ರೆಗೆ ಚೀಟಿ ಬರೀತೀನಿ."

ಚನ್ನಮಲ್ಲಪ್ಪ ಎರಡೂ ಪಾದಗಳ ಬೆರಳನ್ನು ಎಣಿಸಿದ. "ಒಂಬತ್ತು ಬೆರಳಲ್ಲಿ ಏಳು ಮೈಲಿ ನಡೀಬಹುದಾ ಸ್ವಾಮಿ?"

"ನಡೀಬಹುದು, ಗಾಯ ಮಾಗಿದ ಮೇಲೆ. ಆದರೆ ಯಾವ ಮನೆಯ ಜಗಲಿಯನ್ನೂ ಹತ್ತೋ ಹಾಗಿಲ್ಲ. ಹೊರಗೇ ನಿಂತು ಕಾಗದ ಕೊಟ್ಟು ಬರ್ತೀರಾ? ಹೇಳಿ."

ಚನ್ನಮಲ್ಲಪ್ಪ ಶಿವಮ್ಮನ ಕಡೆ ತಿರುಗಿದ. ಅವಳು ನೆಲ ನೋಡುತ್ತಿದ್ದಳು. ರಾಮಮ್ಮನ ಅಂಗಳಕ್ಕೆ ಬೇಲಿಯಾಚೆಯಿಂದಲೇ ಕಾಗದ ಚಾಚುವ ತನ್ನನ್ನು ಅವನು ಮನಸ್ಸಿನಲ್ಲೇ ನಿಲ್ಲಿಸಿ ನೋಡಿದ. ರಾಮಮ್ಮ ಬಾ ಎನ್ನುವಳು. ಅದಕ್ಕೆ ಬೇಡ ಎನ್ನುವ ತಾನು ಮಾತ್ರ ಅವನಿಗೆ ಎಷ್ಟು ನೋಡಿದರೂ ಕಾಣಿಸಲಿಲ್ಲ.

"ಮೊಹರು ಕುಟ್ಟೋ ಸ್ಟೂಲು" ಎಂದ ಚನ್ನಮಲ್ಲಪ್ಪ.

"ಏನಂದ್ರಿ?"

"ಏನಿಲ್ಲ ಸ್ವಾಮಿ. ಚೀಟಿ ಬರೀರಿ."