ಎದುರಾಳಿ ಹೌದೆನ್ನುವ ತನಕ

ವಾದ ಬಿಸಿಯೇರಿ, ಇನ್ನೇನು ಎದುರಿನವನನ್ನು ಮಾತಿನಲ್ಲೇ ಕೆಡವಬೇಕು ಎನ್ನುವಾಗ ಸೂಗಪ್ಪ ಮಾಸ್ತರರು ಮೇಜು ಕುಟ್ಟುತ್ತಿದ್ದರು. "ತಡೀರಿ. ಮೊದಲ ಅವ ಏನಂದ, ಅದನ್ನ ಹೇಳ್ರಿ." ಅವನ ಮಾತನ್ನು ನಾವು ಹೇಳಬೇಕು, ಅವನು ಹೌದೆಂದು ತಲೆಯಾಡಿಸಬೇಕು, ಅಲ್ಲಿಯವರೆಗೆ ಉತ್ತರ ಕೊಡುವಂತಿಲ್ಲ. ದೇವದುರ್ಗದ ನಮ್ಮ ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದವರು ಅವರೇ. ಅವರ ಜೇಬಿನ ತುಂಬ ಪುಟಾಣಿ, ಅಂದರೆ ಹುರಿಗಡಲೆ. ಒಳ್ಳೆಯ ವಾದಕ್ಕೆ ಒಂದು ಹಿಡಿ, ಎದುರಾಳಿಯ ವಾದವನ್ನು ಚೆನ್ನಾಗಿ ಹೇಳಿದರೆ ಎರಡು ಹಿಡಿ. ನಾನಂತೂ ಎರಡು ಹಿಡಿಯ ಗಿರಾಕಿ!

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹತ್ತನೆಯದು ಮುಗಿದ ಮೇಲೆ ಹೆಣ್ಣುಮಗಳಿಗೆ ರಾಯಚೂರಿನ ಕಾಲೇಜು ಬೇಡವೆಂದು ಕುರಿ ಸಾಕುತ್ತಿದ್ದ ನನ್ನಪ್ಪ ಹಟ ಹಿಡಿದಿದ್ದ. ರಾಯಚೂರಿನ ಸ್ಪರ್ಧೆಯಲ್ಲಿ ಶೀಲ್ಡು ಗೆದ್ದು ತಂದು ಮುಂದಿಟ್ಟರೆ ಒಪ್ಪಿಯಾನು ಎಂದುಕೊಂಡಿದ್ದೆ.

ಪಟ್ಟಣವೇ ಲೇಸು ಎಂಬುದು ನನ್ನ ಪಕ್ಷ. ಹಳ್ಳಿಯ ಪರವಾಗಿ ಮಾತಾಡಿದ ಹುಡುಗ ತಡವರಿಸಿ ಕೂತ. ನಾನೆದ್ದು ರೂಢಿಯಂತೆ ಮೊದಲು ಅವನ ಮಾತನ್ನೇ ಹೇಳತೊಡಗಿದೆ. ಎಂಥಾ ಹುರುಪು ಅಂತೀರಿ! ಅವನಿಗೆ ಹೊಳೆಯದ್ದನ್ನೂ ಸೇರಿಸಿ ಹೇಳಿದೆ, ಸಭೆಯೆಲ್ಲ ಚಪ್ಪಾಳೆ. ನನ್ನ ಉತ್ತರ ಶುರುವಾಗುವಷ್ಟರಲ್ಲಿ ಸಮಯ ಮುಗಿಯಿತೆಂದು ಗಂಟೆ ಬಾರಿಸಿದರು. ಶೀಲ್ಡು ಅವನ ಪಾಲಾಯಿತು.

ವಾಪಸ್ ಬಸ್ಸಿನಲ್ಲಿ ಮಾಸ್ತರರ ಮೇಲೆ ಹರಿಹಾಯ್ದೆ. ಸ್ಪರ್ಧೆ ಇರುವುದೇ ಗೆಲ್ಲುವುದಕ್ಕೆ, ನಿಮ್ಮ ರೂಢಿಯಿಂದ ನನ್ನ ಕಾಲೇಜು ಹೋಯಿತು ಎಂದೆ. ಅವರು ಸಿಟ್ಟಾಗಲಿಲ್ಲ.

"ಗೆಲ್ಲಾಕ ಅದ, ನಾ ಇಲ್ಲ ಅನ್ನಂಗಿಲ್ಲ. ಖರೇ, ನಿಮ್ಮಪ್ಪನ ಮುಂದ ನಿಂತಾಗ ಗಂಟಿ ಬಾರ್ಸೋರು ಯಾರದಾರವ್ವ?"



ಮನೆಯಲ್ಲಿ ಅಪ್ಪ ಮತ್ತೆ ಬೇಡ ಎಂದಾಗ ಕೂಗಾಡಲು ಬಾಯಿ ತೆರೆದೆ. ಬಂದದ್ದು ಬೇರೆಯೇ ಮಾತು.

"ಯಪ್ಪಾ, ನಾ ಓದೋದು ನಿನಗ ಬ್ಯಾಡಾಗಿಲ್ಲ. ಅಲ್ಲಿ ಜಡ್ಡಾಗಿ ಬಿದ್ರ ನೀರ ಕೊಡಾಕ ಯಾರದಾರ ಅಂತ ಅಂಜಾಕತ್ತಿ. ಹೌದಿಲ್ಲೋ?"

ಅಪ್ಪ ಹೌದವ್ವ ಎಂದ. ಆಮೇಲೆ ತಾನೇ, ರಾಯಚೂರಿನ ಹತ್ತಿರ ಕಲ್ಮಲದಲ್ಲಿ ತನ್ನ ಅಕ್ಕನ ಮನೆ ಇದೆಯಲ್ಲ, ಅಲ್ಲಿಂದ ದಿನಾ ಬಸ್ಸಿಗೆ ಹೋಗಿ ಬರುತ್ತೀಯೇನು ಎಂದು ಕೇಳಿದ. ನಾನು ಕುಣಿದಾಡಿಬಿಟ್ಟೆ!

ಅಷ್ಟರಲ್ಲಿ ಮಾಸ್ತರರಿಗೆ ಮಾನ್ವಿಗೆ ವರ್ಗವಾಗಿತ್ತು. ಕಾಲೇಜು ಸೇರಿದ ವಾರವೇ ಅಲ್ಲಿಗೆ ಓಡಿದೆ. ಎಲ್ಲ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು. "ಅಪ್ಪಗ ಸೋತಂಗ ಅನಸ್ತೇನು?"

ಇಲ್ಲ, ಮಗಳನ್ನು ಓದಿಸುವ ವಿಚಾರ ತನ್ನದೇ ಎಂದು ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದಾನೆ ಎಂದೆ. ಮಾಸ್ತರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಹಂಗಾದ್ರ ನೀ ಗೆದ್ದಿ ಬಿಡು."

ಮರುವರ್ಷ ಅವರು ತೀರಿಕೊಂಡರು. ಗೆದ್ದಿ ಎಂದು ಅವರ ಬಾಯಿಂದ ನಾನು ಕೇಳಿದ್ದು ಅದೊಂದೇ ಸಲ.