ಕ್ಯಾಮೆರಾದ ಮೇಲೆ ಹೊರಿಸಿದ ತಪ್ಪು

ನನ್ನ ಅಕ್ಕ ನನ್ನಿಂದ ಕೇಳಿದ್ದು ಒಂದೇ ಒಂದು: ತನ್ನದೊಂದು ಒಳ್ಳೆಯ ಫೋಟೋ. ಕೊಡಲಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅದು ನನ್ನ ಕೈಯಲ್ಲೇ ಇತ್ತು. ನಾನೇ ಅಳಿಸಿದೆ.

ನಾನು ಬಸವಕಲ್ಯಾಣದಲ್ಲಿ ಹೆಡ್ ಮಾಸ್ತರನಾಗಿ ನಿವೃತ್ತನಾದವನು. ಬಾಲ್ಯ ಕಳೆದದ್ದು ಮಠದ ಬೋರ್ಡಿಂಗಿನಲ್ಲಿ. ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ದೊಡ್ಡವನಾದೆ. ಆ ಗಂಟೆಯನ್ನು ಮನೆಗೂ ತಂದೆ ಎಂದು ಹೆಂಡತಿ ಹೇಳುತ್ತಾಳೆ. ಅಕ್ಕನನ್ನು ಕೊಟ್ಟದ್ದು ಹತ್ತಿರದ ರಾಜೇಶ್ವರ ಎಂಬ ಊರಿಗೆ. ನನಗಿಂತ ಒಂಬತ್ತು ವರ್ಷ ದೊಡ್ಡವಳು, ಗಡಿಯಾರ ನೋಡಿ ಒಂದು ಕೆಲಸವನ್ನೂ ಮಾಡಿದವಳಲ್ಲ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಜೀಪು ಮಾಡಿಕೊಂಡು ಮನೆಯವರೆಲ್ಲ ಕೂಡಲಸಂಗಮ, ಆಲಮಟ್ಟಿ ನೋಡಿ ಬರುವುದೆಂದು ಗೊತ್ತಾಯಿತು. ಅಕ್ಕ ನಾಲ್ಕು ದಿನ ಮೊದಲೇ ಗಂಟು ಕಟ್ಟಿಕೊಂಡು ನಮ್ಮ ಮನೆಗೆ ಬಂದಳು.

"ತಮ್ಮಾ, ಕ್ಯಾಮೆರಾ ತಗೊಳಾಕತ್ತಿ ಅಂತಲ್ಲ? ನಂದೊಂದು ಚಂದಂದು ಫೋಟೋ ಹೊಡಿ. ಗ್ವಾಡಿಗಿ ಹಾಕಾಕ ಬೇಕು."

"ಈಗ್ಯಾಕ ಅಕ್ಕಾ ಅದರ ಅವಸರ?"

"ನಮ್ಮ ನೆಗೆಣ್ಣಿ ಹೋದಳಲ್ಲ, ಆಕಿ ವೋಟಿನ ಕಾರ್ಡಿನ ಫೋಟೋನೇ ದೊಡ್ಡದು ಮಾಡಿ ಹಾರ ಹಾಕ್ಯಾರ. ಪೊಲೀಸ್ರು ಹಿಡಕೊಂಡು ಬಂದಂಗ ಕಾಣ್ತಾಳ. ನನಗ ಹಂಗ ಮಾಡಬ್ಯಾಡ್ರಪ್ಪ."

ನಮ್ಮ ಕಡೆ ಆ ವಯಸ್ಸಿನ ಹೆಂಗಸರ ಫೋಟೋ ಎಂದರೆ ಬಹುಪಾಲು ಅದೊಂದೇ. ಅಕ್ಕನ ಕಾರ್ಡಿನಲ್ಲಂತೂ ಅವಳು ಯಾರಿಗೋ ಏನೋ ಹೇಳುತ್ತ ಬಾಯಿ ತೆರೆದಾಗಲೇ ಹೊಡೆದಿದ್ದರು. ಅದನ್ನು ನೋಡಿ ನಾವೆಲ್ಲ ನಕ್ಕಿದ್ದೆವು. ಅವಳೂ ನಕ್ಕಿದ್ದಳು.

ಕ್ಯಾಮೆರಾಕ್ಕೆ ಹುಮನಾಬಾದಿಗೆ ಹೋದೆ. ಅಂಗಡಿಯವನು ಎರಡು ಡಿಜಿಟಲ್ ಕ್ಯಾಮೆರಾ ತೆಗೆದಿಟ್ಟ. ಮೆಮೊರಿ ಕಾರ್ಡು ಸೇರಿಸಿ ಕೊಡುವುದೊಂದು, ಕಾರ್ಡಿಲ್ಲದ ಅಗ್ಗದ್ದೊಂದು.

"ಸರ್, ಸಸ್ತಾದ್ದು ಬ್ಯಾಡ್ರಿ. ಇದರ ಹೊಟ್ಟ್ಯಾಗ ಹದಿನೈದಿಪ್ಪತ್ತು ಫೋಟೋ ಹಿಡಿಸ್ತಾವ, ಅಷ್ಟೇ. ಟೂರಿಗಿ ಹೊಂಟೀರಿ, ಕಾರ್ಡ್ ಬೇಕಾಗ್ತದ."

"ರೋಲ್ ಕ್ಯಾಮೆರಾದಾಗ ಮೂವತ್ತಾರು ಫೋಟೋದಾಗ ಎರಡು ಮದುವಿ ಮುಗಿಸೀನಪ್ಪ. ಶಿಸ್ತಿದ್ದವಂಗ ಇಪ್ಪತ್ತು ಸಾಕು."

"ಹಂಗಾರ ಖರಾಬ್ ಬಂದದ್ದು ಅಳಸ್ಕೋತ ಹೋಗ್ರಿ. ಇಲ್ಲಿ ಒತ್ತಿದ್ರ ಅಳಸ್ಲೇನು ಅಂತ ಕೇಳ್ತದ, ಮತ್ತೊಮ್ಮೆ ಒತ್ತಿದ್ರನೇ ಹೋಗ್ತದ. ತಾನಾಗಿ ಏನೂ ಹೋಗಲ್ಲ, ಘಾಬರಿ ಆಗಬ್ಯಾಡ್ರಿ."

ಈ ಮಾತು ನನಗೆ ಹಿಡಿಸಿತು. ಕೆಟ್ಟದ್ದನ್ನು ತೆಗೆದುಹಾಕುವ ಅಧಿಕಾರ ಕೊಡುವ ಯಂತ್ರ! ಅಗ್ಗದ್ದನ್ನೇ ಕೊಂಡೆ.

ಸಂಗಮದಲ್ಲಿ ಅಕ್ಕ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಬಿಟ್ಟಿದ್ದಳು. "ರೆಡಿ" ಎಂದೆ. "ಏ, ಸಾಲಿ ಮಕ್ಕಳಿಗಿ ಹೇಳಿದಂಗ ಹೇಳ್ತಾನ ನೋಡ್ರಿ" ಎಂದು ನಕ್ಕಳು. ಮುಂದಿನ ಹಲ್ಲೊಂದು ಇರಲಿಲ್ಲ, ಸೆರಗು ಒದ್ದೆಯಾಗಿ ಹೆಗಲಿನಿಂದ ಜಾರಿತ್ತು. ಐದು ಸಲ ಹೊಡೆದೆ. ಐದರಲ್ಲೂ ನಗುತ್ತಿದ್ದಳು.

ಸಂಜೆ ವಸತಿಗೃಹದ ಕಟ್ಟೆಯ ಮೇಲೆ ಕೂತು, ಉತ್ತರಪತ್ರಿಕೆ ತಿದ್ದುವವನಂತೆ ಒಂದೊಂದೇ ಫೋಟೋ ನೋಡಿದೆ. ಅಕ್ಕನ ಐದನ್ನೂ ಅಳಿಸಿದೆ. ಪ್ರತಿ ಸಲವೂ ಯಂತ್ರ ಕೇಳಿತು, ಪ್ರತಿ ಸಲವೂ ನಾನು ಒತ್ತಿದೆ. ಪಕ್ಕದಲ್ಲಿದ್ದ ಹೆಂಡತಿ, "ಅದರಾಗ ಏನ್ ತಪ್ಪದ? ಅಕ್ಕಾರು ಹಂಗೇ ಇದ್ದಾರಲ್ರಿ" ಎಂದಳು. ಹಲ್ಲಿಲ್ಲದ ಫೋಟೋಕ್ಕೆ ಹಾರ ಹಾಕಲು ಬರುವುದಿಲ್ಲ ಎಂದೆ.

ಮರುದಿನ ಆಲಮಟ್ಟಿಯಲ್ಲಿ ಅಕ್ಕನನ್ನು ಗೋಡೆಗೆ ಆನಿಸಿ ನಿಲ್ಲಿಸಿದೆ. "ಕೈ ಕೆಳಗ. ಬಾಯಿ ಮುಚ್ಚು. ಅಲುಗಾಡಬ್ಯಾಡ." ತಮ್ಮನ ಮಾತು ಕೇಳಿದಳು. ಕ್ಯಾಮೆರಾದಲ್ಲಿ ಮಿಕ್ಕ ಜಾಗದಲ್ಲಿ ಅಣೆಕಟ್ಟಿನ ಗೇಟುಗಳ ಮೂರು ಫೋಟೋ ಇಟ್ಟುಕೊಂಡೆ, ಅವು ಸಾಲಾಗಿದ್ದವು ಎಂಬ ಕಾರಣಕ್ಕೆ.

ಊರಿಗೆ ಬಂದು ಪ್ರಿಂಟು ಹಾಕಿಸಿ ಕೊಟ್ಟಾಗ ಅಕ್ಕ ಅದನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು.

"ಇದು ನಾ ಅಲ್ಲೋ ತಮ್ಮಾ. ನೀನೇ ಸೀರಿ ಉಟ್ಟು ನಿಂತಂಗ ಅದ. ಹೊಳ್ಯಾಗಿನವು ಎಲ್ಲಿ?"

"ಅವು ಹೋದವು ಅಕ್ಕಾ. ಕ್ಯಾಮೆರಾದಾಗ ಏನೋ ಬಿಗಡಾಯಿಸಿ ತಾವೇ ಅಳಿಸಿ ಹೋದವು."

ತರಕಾರಿ ಹೆಚ್ಚುತ್ತಿದ್ದ ಹೆಂಡತಿಯ ಕೈ ನಿಂತಿತು. ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ ಏನೋ.

"ಹೋಗ್ಲಿ ಬಿಡು, ನೀ ಮನಸಿಗೆ ಹಚ್ಕೋಬ್ಯಾಡ" ಎಂದಳು ಅಕ್ಕ. ಅವಳೇ ನನ್ನನ್ನು ಸಮಾಧಾನ ಮಾಡಿದಳು!

ಇಲ್ಲಿಗೇ ಮುಗಿದಿದ್ದರೆ ಒಬ್ಬನೇ ಹೇಗೋ ನುಂಗಿಕೊಂಡಿರುತ್ತಿದ್ದೆ. ತಿಂಗಳೊಪ್ಪತ್ತಿನಲ್ಲಿ ಹುಮನಾಬಾದಿನಲ್ಲಿ ಬೀಗರ ಮನೆಯ ಮದುವೆ ಬಂತು. ಊಟ ಮುಗಿಸಿ ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅಕ್ಕ, "ಕ್ಯಾಮೆರಾ ಕೊಟ್ಟವನ ಅಂಗಡಿ ಯಾವುದು?" ಎಂದಳು. ಬೇಡವೆಂದರೂ ಕೇಳಲಿಲ್ಲ, ಒಳಗೆ ನುಗ್ಗಿಯೇಬಿಟ್ಟಳು.

"ಎಂಥಾ ಮಾಲ್ ಕೊಟ್ಟೀಯಪ್ಪ ನನ್ನ ತಮ್ಮಗ? ಐದು ಫೋಟೋ ತಾನೇ ನುಂಗಿ ಕುಂತದ. ಸಾಲಿ ಮಾಸ್ತರು, ಸೀದಾ ಮನಿಷಾ ಅಂತ ಮೋಸ ಮಾಡ್ತಿ ಏನ್?"

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಅಂಗಡಿಯವನು ನನ್ನ ಮುಖ ನೋಡಿದ. ತಾನಾಗಿ ಏನೂ ಹೋಗುವುದಿಲ್ಲ ಎಂದು ನನಗೆ ಹೇಳಿಕೊಟ್ಟವನೇ ಅವನು. ನಾನು ಗಾಜಿನ ಕಪಾಟಿನಲ್ಲಿದ್ದ ಆಲ್ಬಮ್ಮುಗಳನ್ನು ನೋಡುತ್ತ ನಿಂತೆ.

"ಹೌದ್ರಿ ಆಯಿ" ಎಂದ ಅವನು, ಮೆಲ್ಲಗೆ. "ಒಂದೊಂದು ಪೀಸ್ ಹಂಗ ಬರ್ತದ. ನಂದೇ ಗಲತಿ."

ಮೂವತ್ತು ವರ್ಷ ಮಕ್ಕಳಿಗೆ "ತಪ್ಪು ಮಾಡಿದವರು ಎದ್ದು ನಿಲ್ಲಿ" ಎಂದವನು ನಾನು. ನಿಂತೇ ಇದ್ದೆ, ಆದರೆ ಬಾಯಿ ತೆರೆಯಲಿಲ್ಲ.

ಅಕ್ಕ ಅಷ್ಟಕ್ಕೇ ತಣ್ಣಗಾದಳು. ಸೊಂಟದ ಸಂಚಿಯಿಂದ ವೋಟಿನ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. "ಇದನ್ನೇ ದೊಡ್ಡದು ಮಾಡಿ ಕೊಡು. ಬಾಯಾದ್ರೂ ತೆರದೀನಿ. ಮಂದಿ ನೋಡಿದ್ರ ನಾನೇ ಅಂತ ಗುರ್ತು ಹಿಡಿತಾರ." ಬೇಡವೆಂದು ಬೇಡಿಕೊಂಡದ್ದನ್ನೇ ತಾನೇ ಕೇಳಿ ಮಾಡಿಸಿಕೊಂಡಳು. ಅಂಗಡಿಯವನು ಅದಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಆ ಋಣವೂ ನನ್ನದೇ.

ಅಕ್ಕ ಹೋಗಿ ವರ್ಷಗಳಾದವು. ರಾಜೇಶ್ವರದ ಮನೆಯ ಗೋಡೆಯ ಮೇಲೆ ಆ ಫೋಟೋ ಇದೆ. ದೊಡ್ಡದು ಮಾಡಿದ್ದರಿಂದ ಮುಖವೆಲ್ಲ ಚುಕ್ಕೆ ಚುಕ್ಕೆಯಾಗಿದೆ, ಬಾಯಿ ಮಾತ್ರ ತೆರೆದಿದೆ. ಹೋದ ಶ್ರಾವಣದಲ್ಲಿ ಅವಳ ಸೊಸೆ ಹಾರ ಬದಲಿಸುತ್ತ, "ಮಾವಾ, ಸಂಗಮದಾಗ ಚಲೋ ಫೋಟೋ ಹೊಡದಿದ್ರಂತ, ಕ್ಯಾಮೆರಾ ಖರಾಬ್ ಆಗಿ ಹೋದವಂತ. ಅತ್ತಿ ಸಾಯೋತನಕ ಹೇಳ್ತಿದ್ರು" ಎಂದಳು.

"ಕ್ಯಾಮೆರಾ ಚಲೋನೇ ಇತ್ತವ್ವ" ಎಂದೆ. ಅವಳು ಹಾರದ ಗಂಟು ಬಿಗಿಯುತ್ತಿದ್ದಳು, ಕೇಳಿಸಿತೋ ಇಲ್ಲವೋ. ಇನ್ನೊಮ್ಮೆ ಹೇಳಲು ನನಗೆ ಧೈರ್ಯವಾಗಲಿಲ್ಲ.