ಮುನ್ನೂರು ತುಂಬದ ಯಮನೂರಪ್ಪ ಕಾಕಾ

ಸಿಲಿಂಡರ್ ಬಂದೊಡನೆ ಯಮನೂರಪ್ಪ ಕಾಕಾ ಅದರ ಹೆಗಲಿಗೆ ವಿಭೂತಿ ಬಳಿಯುತ್ತಿದ್ದರು. ಹೊಸಬರು ಪೂಜೆಯೆಂದುಕೊಂಡು ಚಪ್ಪಲಿ ಕಳಚಿ ಕೈಮುಗಿದು ನಿಲ್ಲುತ್ತಿದ್ದರು. ಕಾಕಾ ತಡೆಯುತ್ತಿರಲಿಲ್ಲ. ಹಾಗೆ ನಿಂತವರು ಅವಸರ ಮಾಡುವುದಿಲ್ಲ ಎಂಬುದು ಅವರ ಅನುಭವ. ಅಸಲಿಗೆ ಲೋಹದಲ್ಲಿ ಒತ್ತಿದ ಅಂಕಿಗಳಲ್ಲಿ ಬೂದಿ ಕೂತು ಬೆಳ್ಳಗೆ ಕಾಣಲೆಂದು ಅಷ್ಟೆಲ್ಲ.

ಹಿಟ್ನಾಳದ ಹೆದ್ದಾರಿ ಪಕ್ಕ ಅವರದೊಂದು ತಗಡಿನ ಶೆಡ್ಡು, ಅದರಲ್ಲಿ ಉಸಿರಾಟದ ಗಾಳಿ ತುಂಬುವ ಕಂಪ್ರೆಸರ್. ನದಿಯಲ್ಲಿ ಮುಳುಗಿ ಪಂಪಿನ ಜಾಲರಿ ಸ್ವಚ್ಛಮಾಡುವ ನನ್ನಂಥವರು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರುಗಳನ್ನು ಅಲ್ಲಿಯೇ ತುಂಬಿಸಬೇಕು. ಕಾಕಾ ಕಲಿತದ್ದು ನಾಲ್ಕನೆಯ ಇಯತ್ತೆ. ಇಂಗ್ಲಿಷ್ ಪತ್ರ ಬಂದರೆ ನನ್ನ ಕೈಗೆ ಕೊಡುತ್ತಿದ್ದರು. ಆದರೆ ಕಾರವಾರದಲ್ಲಿ ಮುಳುಗುಗಾರರ ಜೊತೆ ದುಡಿದು ಬಂದವರು. ಇಟಲಿಯದಿರಲಿ, ಅಮೆರಿಕದ್ದಿರಲಿ, ಸಿಲಿಂಡರಿನ ಜಾತಕ ಅವರಿಗೆ ಬಾಯಿಪಾಠ.

ಅಮೆರಿಕದ್ದರ ಮೇಲೆ ಮೂರು ಸಾವಿರ ಎಂದಿದ್ದರೆ ಅದು ಗಾಳಿಯ ಒತ್ತಡ ಅಳೆಯುವ ಪಿಎಸ್‌ಐ ಲೆಕ್ಕ, ನಮ್ಮ ಮೀಟರಿನ ಅಳತೆಯಾದ ಬಾರ್‌ನಲ್ಲಿ ಇನ್ನೂರರ ಮೇಲೆ ಸ್ವಲ್ಪ. ಯುರೋಪಿನದರ ಮೇಲೆ ಎರಡು ಅಂಕಿ: ಇನ್ನೂರು, ಮುನ್ನೂರು. ದೊಡ್ಡದನ್ನೇ ನಂಬುವುದು ನಮ್ಮ ಸ್ವಭಾವ. ಮೊದಲ ಸಲ ನಾನೂ ಮುನ್ನೂರು ತುಂಬಿರಿ ಎಂದಿದ್ದೆ.

“ದಿನಾ ತುಂಬೂದು ಇನ್ನೂರು, ತಮ್ಮಾ. ಮುನ್ನೂರು ಪರೀಕ್ಷಾದಾಗ ಒಂದ್ ಸಲ ತಡಕೊಂಡದ್ದು. ಎತ್ತು ಒಂದ್ ಸಲ ಹೂಳಿನ್ಯಾಗಿಂದ ಬಂಡಿ ಎಳದೈತಂತ ದಿನಾ ಅಷ್ಟ ಹೇರ್ತಿಯೇನು?”

ನಾನು ಒಕ್ಕಲುತನದ ಮನೆಯವನು. ಎತ್ತಿನ ಮಾತು ತಿಳಿಯಿತು, ಇನ್ನೂರೇ ತುಂಬಿಸಿಕೊಂಡೆ.

ಮರುಮಾತಾಡಿದ್ದು ಒಂದೇ ಸಲ. ದಸರಾ ಮುಗಿದ ಮರುವಾರ, ಹೊಳೆಯಲ್ಲಿ ಬಂದ ಕಸ ಕುಡಿಯುವ ನೀರಿನ ಪಂಪಿನ ಜಾಲರಿಗೆ ಮೆತ್ತಿಕೊಂಡಿತ್ತು. ಮೂರು ಹಳ್ಳಿಗಳಿಗೆ ಎರಡು ದಿನದಿಂದ ನೀರಿಲ್ಲ. ಅದರಲ್ಲಿ ನಮ್ಮೂರೂ ಒಂದು. ಜಾಲರಿ ಕೆಲಸದ ಗುತ್ತಿಗೆದಾರ ಹಳೆಯ ವಿದೇಶಿ ಸಿಲಿಂಡರು ಎರಡು ತಂದಿದ್ದ. ಆಯುಧ ಪೂಜೆಗೆಂದು ದಪ್ಪಗೆ ನೀಲಿ ಬಣ್ಣ ಹೊಡೆಸಿದ್ದರಿಂದ ಒಂದು ಅಕ್ಷರವೂ ಕಾಣುತ್ತಿರಲಿಲ್ಲ. ಕಾಕಾ ಥಿನ್ನರಿನ ಬಟ್ಟೆಯಿಂದ ಉಜ್ಜಿ ನೋಡಿದರು. ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಅದರ ತಿಂಗಳು, ವರ್ಷ ಒತ್ತಿಸಿರಬೇಕು. ಕೊನೆಯದು ಹನ್ನೊಂದು ವರ್ಷ ಹಿಂದಿನದು.

ತುಂಬುವುದಿಲ್ಲ ಎಂದರು. ಏನಾದರೂ ಆದರೆ ಹೊಣೆ ತನ್ನದೆಂದು ಬರೆದುಕೊಡುತ್ತೇನೆ ಎಂದ ಗುತ್ತಿಗೆದಾರ. ನಾನು ಅವನಿಗಿಂತ ಮುಂದೆ ಹೋದೆ. ಬೆನ್ನಿಗೆ ಕಟ್ಟಿಕೊಳ್ಳುವವನು ನಾನು, ಊರು ನೀರಿಲ್ಲದೆ ಕೂತಿದೆ, ಮುದುಕನಿಗೆ ಭಯ ಹತ್ತಿದೆ ಎಂದುಬಿಟ್ಟೆ. ಕಾಕಾ ಒಳಗೆ ಹೋಗಿ ತಮ್ಮದೇ ಸಣ್ಣ ಸಿಲಿಂಡರ್ ತುಂಬಿ ತಂದಿಟ್ಟರು.

“ಇದರಾಗ ನಾಕ್ ಸಲ ಮುಳುಗು. ಖಾಲಿ ಆದಾಂಗ ತಂದು ತುಂಬಿಸ್ಕೊ. ಸಂಜೀತನಾ ನಾ ಇಲ್ಲೇ ಕುಂದರ್ತೀನಿ.”

ಬೈದುಕೊಳ್ಳುತ್ತಲೇ ನಾಲ್ಕು ಸಲ ಮುಳುಗಿದೆ. ಸಂಜೆ ನೀರು ಹರಿಯಿತು. ಊರವರು ನನಗೆ ಶಾಲು ಹೊದಿಸಿದರು. ನಾನು ಕಾಕಾರ ಹೆಸರನ್ನೂ ಎತ್ತಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಆ ಸಿಲಿಂಡರುಗಳು ಕೊನೆಗೆ ಪರೀಕ್ಷೆಗೆ ಹೋದವು. ಒಂದು ಪಾಸಾಯಿತು. ಇನ್ನೊಂದರ ಒಳಗೋಡೆ ತುಕ್ಕು ತಿಂದು ತೆಳ್ಳಗಾಗಿತ್ತು; ತುಂಬಿದ್ದರೆ ಸಿಡಿಯಬಹುದಿತ್ತು. ಮತ್ತೆ ಯಾರೂ ತುಂಬಬಾರದೆಂದು ತೂತು ಕೊರೆದು ಕಳಿಸಿದ್ದರು.

ಅದನ್ನು ಹೇಳಲು ನನಗೆ ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಕಾಕಾ ಕಾಯಿಲೆ ಬಿದ್ದು ಕುಷ್ಟಗಿಯ ಮಗಳ ಮನೆ ಸೇರಿದ್ದರು. ಅಲ್ಲಿಗೇ ಹೋಗಿ, ಅದು ಕೆಟ್ಟಿದ್ದು ಮೊದಲೇ ಹೇಗೆ ಗೊತ್ತಾಯಿತು ಎಂದು ಕೇಳಿದೆ.

“ಕೆಟ್ಟೈತಂತ ನನಗೆಲ್ಲಿ ಗೊತ್ತಿತ್ತು? ಛಲೋ ಐತಂತನೂ ಗೊತ್ತಿದ್ದಿಲ್ಲ. ಅದಕ್ಕ ತುಂಬಲಿಲ್ಲ.”

ಅದೇ ಕೊನೆಯ ಭೇಟಿ. ಈಗ ಅವರ ಕಂಪ್ರೆಸರ್ ನಾನೇ ನಡೆಸುತ್ತೇನೆ. ಮೊನ್ನೆ ಒಬ್ಬ ಮುಳುಗುಗಾರ, ಪರೀಕ್ಷೆಯ ವರ್ಷ ದಾಟಿದ ಸಿಲಿಂಡರ್ ತುಂಬಿಕೊಡಲಿಲ್ಲವೆಂದು ನನ್ನ ಏಳು ತಲೆಮಾರನ್ನು ಬೈದುಕೊಳ್ಳುತ್ತ ಗಾಡಿ ಹತ್ತಿದ. ಬೈಯಲಿ. ಬೈಯುತ್ತ ಮನೆ ಮುಟ್ಟಿದ.